ಅಲ್ಯೂಮಿನಿಯಂ ವೆಲ್ಡ್ ಎಷ್ಟು ದಿನ ತಾಳುತ್ತದೆ? ಲೆಕ್ಕ ಹಾಕುವುದು ಹೀಗೆ

ಗಾಡಿಯ ಅಲ್ಯೂಮಿನಿಯಂ ಬಾಡಿಯ ಮೇಲೆ ವೆಲ್ಡ್ ಮಾಡಿದ ಬ್ರಾಕೆಟ್ ಪಕ್ಕದಲ್ಲಿ ಬಿರುಕು ಬಿಟ್ಟಾಗ ಮೊದಲು ಬರುವ ಸಲಹೆ, "ಇನ್ನೂ ಗಟ್ಟಿ ಗ್ರೇಡ್ ಹಾಕೋಣ". ದಯವಿಟ್ಟು ಬೇಡ. 6061 ಇರಲಿ, 6082 ಇರಲಿ, 5083 ಇರಲಿ, ವೆಲ್ಡ್ ಆದ ಮೇಲೆ ಫಟೀಗ್ ಆಯಸ್ಸು, ಅಂದರೆ ಮತ್ತೆ ಮತ್ತೆ ಬೀಳುವ ಲೋಡಿಗೆ ದಣಿದು ಬಿರುಕು ಬಿಡುವವರೆಗಿನ ಆಯಸ್ಸು, ಹೆಚ್ಚುಕಡಿಮೆ ಒಂದೇ. ವೆಲ್ಡ್ ಪ್ಲೇಟನ್ನು ಸೇರುವ ಅಂಚಿಗೆ ಟೋ ಅನ್ನುತ್ತಾರೆ. ಅಲ್ಲಿ ಆಕಾರ ಥಟ್ಟನೆ ಬದಲಾಗುತ್ತದೆ, ಸಣ್ಣಪುಟ್ಟ ದೋಷಗಳು ಮೊದಲ ದಿನದಿಂದಲೇ ಕೂತಿರುತ್ತವೆ. ಹಾಗಾಗಿ ಬಿರುಕು ಹುಟ್ಟಲು ಸಮಯ ಹಿಡಿಯುವುದಿಲ್ಲ, ಬೆಳೆಯುವುದಷ್ಟೇ ಬಾಕಿ. ಆ ಬೆಳೆಯುವ ವೇಗಕ್ಕೆ ಗ್ರೇಡಿನ ಬಲ ಅಷ್ಟಾಗಿ ಅಡ್ಡ ಬರುವುದಿಲ್ಲ.

ಹಾಗಾದರೆ ಏನು ಮುಖ್ಯ? ಜಾಯಿಂಟಿನ ಆಕಾರ, ಮತ್ತು ಒತ್ತಡ ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತದೆ ಅನ್ನುವುದು. ಗಮನಿಸಿ, ಗರಿಷ್ಠ ಒತ್ತಡ ಅಲ್ಲ, ಏರಿಳಿತ. ವೆಲ್ಡ್ ತಣ್ಣಗಾಗುವಾಗ ಒಳಗೆ ಎಳೆತ ಉಳಿದುಬಿಡುತ್ತದೆ. ಹಾಗಾಗಿ ಹೊರಗಿನ ಲೋಡ್ ಒತ್ತುವಂಥದ್ದಾದರೂ ಬಿರುಕಿನ ಜಾಗದಲ್ಲಿ ಎಳೆತವೇ ಇರಬಹುದು.

ಐಐಡಬ್ಲ್ಯು, ಅಂದರೆ ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆ, ಪ್ರತಿ ಬಗೆಯ ಜಾಯಿಂಟಿಗೂ ಒಂದು ಫ್ಯಾಟ್ ನಂಬರ್ ಕೊಡುತ್ತದೆ. 20 ಲಕ್ಷ ಸಲ ತಾಳಬಲ್ಲ ಏರಿಳಿತ ಅದು, ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಅಳತೆ) ಲೆಕ್ಕದಲ್ಲಿ. ಎಳೆತಕ್ಕೆ ಅಡ್ಡಲಾಗಿ ವೆಲ್ಡ್ ಮಾಡಿದ, ತಾನು ಲೋಡ್ ಹೊರದ ಬ್ರಾಕೆಟಿಗೆ ಉಕ್ಕಿನಲ್ಲಿ 80, ಅಲ್ಯೂಮಿನಿಯಂನಲ್ಲಿ ಬರೀ 28. ಎಳೆತದ ದಿಕ್ಕಿನಲ್ಲೇ ಹಾಕಿದ 100 ಮಿ.ಮೀ. ಉದ್ದದ ಗಸೆಟ್ಟಿಗೆ, ಅಂದರೆ ಬಲಕ್ಕೆ ಹಾಕುವ ಪಟ್ಟಿಗೆ, ಅಲ್ಯೂಮಿನಿಯಂನಲ್ಲಿ 25. ಉಕ್ಕಿನ ಡಿಸೈನನ್ನು ಹಾಗೇ ಅಲ್ಯೂಮಿನಿಯಂಗೆ ಇಳಿಸಿದವರು ಸೋಲುವುದು ಇಲ್ಲೇ.

ಲೆಕ್ಕ ಸುಲಭ. ಫ್ಯಾಟ್ ನಂಬರನ್ನು ನಿಮ್ಮ ಏರಿಳಿತದಿಂದ ಭಾಗಿಸಿ, ಬಂದದ್ದರ ಘನ ತೆಗೆದು (ಅಂದರೆ ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿ), 20 ಲಕ್ಷದಿಂದ ಗುಣಿಸಿ. ಗಸೆಟ್ ಪಕ್ಕ 30 ಎಂಪಿಎ ಏರಿಳಿತ ಇದ್ದರೆ ಸುಮಾರು 11.6 ಲಕ್ಷ ಸಲ. 15ಕ್ಕೆ ಇಳಿಸಿದರೆ ಸುಮಾರು 93 ಲಕ್ಷ. ಒತ್ತಡ ಅರ್ಧ, ಆಯಸ್ಸು ಎಂಟು ಪಟ್ಟು.

ಆದರೆ ರಸ್ತೆಯ ಮೇಲಿನ ಗಾಡಿಗೆ ಒಂದೇ ಅಳತೆಯ ಏರಿಳಿತ ಎಲ್ಲಿಂದ ಬರಬೇಕು ಅಲ್ವಾ? ಹಾಗಾಗಿ ಟೋದಿಂದ ಸ್ವಲ್ಪ ದೂರದಲ್ಲಿ ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತು ಅಂತ ಅಳೆಯುವ ಪಟ್ಟಿ) ಅಂಟಿಸಿ, ನಿಜವಾದ ಲೋಡ್ ಹಾಕಿ, ನಿಜವಾದ ರಸ್ತೆಯಲ್ಲಿ ಓಡಿಸಿ. ಸಿಕ್ಕ ಗೀಚು ಗೆರೆಯನ್ನು ರೇನ್‌ಫ್ಲೋ ವಿಧಾನದಲ್ಲಿ ಎಣಿಸಿದರೆ ಯಾವ ಅಳತೆಯ ಏರಿಳಿತ ಎಷ್ಟು ಸಲ ಬಂತು ಅಂತ ಪಟ್ಟಿ ಸಿಗುತ್ತದೆ. ದಿನಕ್ಕೆ 40 ಎಂಪಿಎ 20 ಸಲ, 25 ಎಂಪಿಎ 300 ಸಲ, 12 ಎಂಪಿಎ 4,000 ಸಲ ಅಂದುಕೊಳ್ಳೋಣ. ಒಂದೊಂದನ್ನೂ ಅದು ತಾಳಬಲ್ಲ ಸಂಖ್ಯೆಯಿಂದ ಭಾಗಿಸಿ ಕೂಡಿಸಿ. ಬಂದದ್ದೇ ಹಾನಿ, ಅದು 1 ಆದರೆ ಆಯಸ್ಸು ಮುಗಿದ ಹಾಗೆ. ಇದು ಮೈನರ್ ಎಂಬವರ ನಿಯಮ. ಇಲ್ಲೊಂದು ಎಚ್ಚರಿಕೆ: ಒಂದು ಕೋಟಿ ಸಲ ದಾಟಿದ ಮೇಲೆ ಒತ್ತಡ-ಆಯಸ್ಸಿನ ಗೆರೆಯ ಇಳಿಜಾರು ಮೂರರಿಂದ ಐದಕ್ಕೆ ಬದಲಾಗುತ್ತದೆ, ಅಂದರೆ ಘನದ ಬದಲು ಐದನೆಯ ಘಾತ. ನಮ್ಮ ಗಸೆಟ್ಟಿಗೆ ಆ ತಿರುವು 14.6 ಎಂಪಿಎಯಲ್ಲಿ ಬರುತ್ತದೆ, ಹಾಗಾಗಿ 12 ಎಂಪಿಎಗೆ ಸುಮಾರು 2.68 ಕೋಟಿ ಸಲ. ಎಲ್ಲ ಕೂಡಿಸಿದರೆ ದಿನದ ಹಾನಿ 0.00034. ಒಟ್ಟು ಹಾನಿ 1 ಆಗುವವರೆಗೆ ಕಾಯಬೇಡಿ, ಬದಲಾಗುವ ಲೋಡಿಗೆ ಐಐಡಬ್ಲ್ಯು 0.5ಕ್ಕೇ ನಿಲ್ಲಿಸಲು ಹೇಳುತ್ತದೆ. ಅಂದರೆ ಸುಮಾರು 1,470 ದಿನ.

ಈ ಲೆಕ್ಕದಲ್ಲಿ ದೊಡ್ಡ ಗುಂಡಿಯ ಆ 20 ಹೊಡೆತಗಳ ಪಾಲು ನೂರಕ್ಕೆ 12 ಅಷ್ಟೇ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ 12 ಎಂಪಿಎ ನಡುಕದ ಪಾಲು ನೂರಕ್ಕೆ 44! ಅಲ್ಯೂಮಿನಿಯಂನಲ್ಲಿ "ಇಷ್ಟರ ಕೆಳಗೆ ಏನೂ ಆಗುವುದಿಲ್ಲ" ಅನ್ನುವ ಗೆರೆ ನಂಬಬೇಡಿ. ಇನ್ನು ಓವರ್‌ಲೋಡಿನಿಂದ ಎಲ್ಲ ಏರಿಳಿತವೂ ನೂರಕ್ಕೆ 20 ಜಾಸ್ತಿಯಾದರೆ 1,470 ದಿನ ಸುಮಾರು 710ಕ್ಕೆ ಇಳಿಯುತ್ತದೆ. ನಾನೇ ಎರಡು ಸಲ ತಾಳೆ ನೋಡಿದೆ, ಅಷ್ಟೇ ಬಂತು.

ಕಂಪ್ಯೂಟರಿನಲ್ಲಿ ಎಫ್‌ಇಎ, ಅಂದರೆ ಭಾಗವನ್ನು ಸಣ್ಣ ತುಂಡುಗಳ ಜಾಲ (ಮೆಶ್) ಮಾಡಿ ಒತ್ತಡ ಲೆಕ್ಕ ಹಾಕುವುದು, ಮಾಡುವವರಿಗೆ ಒಂದು ಮಾತು. ಟೋದಲ್ಲಿ ಕಾಣುವ ಕೆಂಪು ಚುಕ್ಕೆಯ ನಂಬರ್ ತೆಗೆದುಕೊಳ್ಳಬೇಡಿ, ಮೆಶ್ ಸಣ್ಣದಾದಷ್ಟೂ ಅದು ಏರುತ್ತಲೇ ಹೋಗುತ್ತದೆ. ಪ್ಲೇಟಿನ ದಪ್ಪದ 0.4 ಪಟ್ಟು ಮತ್ತು 1 ಪಟ್ಟು ದೂರದಲ್ಲಿ ಒತ್ತಡ ಓದಿ. ಮೊದಲನೆಯದರ 1.67 ಪಟ್ಟಿನಿಂದ ಎರಡನೆಯದರ 0.67 ಪಟ್ಟು ಕಳೆಯಿರಿ. ಇದು ಹಾಟ್ ಸ್ಪಾಟ್ ಒತ್ತಡ. ಇದಕ್ಕೆ ಬೇರೆಯೇ ಫ್ಯಾಟ್: ಲೋಡ್ ಹೊರದ ಫಿಲೆಟ್ಟಿಗೆ (ಮೂಲೆಯಲ್ಲಿ ಹಾಕುವ ವೆಲ್ಡ್) 40, ಹೊರುವುದಕ್ಕೆ 36. ಹಾಟ್ ಸ್ಪಾಟ್ ಒತ್ತಡಕ್ಕೆ 25ರ ನಂಬರ್ ಹಾಕುವುದು, ಟೋದಿಂದ ದೂರದ ಸಾಮಾನ್ಯ ಒತ್ತಡಕ್ಕೆ 40 ಹಾಕುವುದು, ಎರಡೂ ತಪ್ಪು. ಎರಡನೆಯದು ಅಪಾಯ.

ಆಯಸ್ಸು ಸಾಲದು ಅಂತ ಬಂದರೆ ಮೊದಲು ಬ್ರಾಕೆಟನ್ನೇ ಒತ್ತಡ ಕಡಿಮೆ ಇರುವ ಜಾಗಕ್ಕೆ ಸರಿಸಿ. ಬೀಮ್ ಬಾಗುವಾಗ ಮೇಲಿನ, ಕೆಳಗಿನ ಅಂಚಿಗಿಂತ ನಡು ಎತ್ತರದಲ್ಲಿ ಒತ್ತಡ ತುಂಬ ಕಡಿಮೆ. ಅದು ಆಗದಿದ್ದರೆ ಟೋವನ್ನು ಕಾರ್ಬೈಡ್ ಬರ್‌ನಿಂದ (ತಿರುಗುತ್ತಾ ಲೋಹ ಕೆರೆಯುವ ಸಣ್ಣ ಮೊನೆ) ಉಜ್ಜಿ ನುಣುಪು ಮಾಡಬಹುದು. ಸರಿಯಾಗಿ ಮಾಡಿದರೆ ಫ್ಯಾಟ್ 1.3 ಪಟ್ಟು, ಆಯಸ್ಸು ಸುಮಾರು ಎರಡು ಪಟ್ಟು. ಉಕ್ಕಿಗೆ ಬಳಸಿದ ಬರ್, ಬ್ರಶ್ ಇಲ್ಲಿ ಬೇಡ.

ಆದರೆ ಬಿರುಕು ಟೋದಿಂದಲೇ ಶುರುವಾಗಬೇಕು ಅಂತೇನಿಲ್ಲ. ಲೋಡ್ ಹೊರುವ ಫಿಲೆಟ್ಟಿನಲ್ಲಿ ಎರಡು ಪ್ಲೇಟುಗಳ ನಡುವೆ ಬೆಸೆಯದೆ ಉಳಿದ ಸಂದು, ಅಂದರೆ ರೂಟ್, ಅಲ್ಲಿಂದಲೂ ಶುರುವಾಗುತ್ತದೆ. ಅದಕ್ಕೆ ಫ್ಯಾಟ್ ಬರೀ 12, ಲೆಕ್ಕ ಹಾಕುವುದು ವೆಲ್ಡಿನ ಕೊರಳಿನ, ಅಂದರೆ ಅದರ ಅತಿ ಕಡಿಮೆ ದಪ್ಪದ ಜಾಗದ, ಒತ್ತಡದ ಮೇಲೆ. ಅದು ಒಳಗಿನಿಂದ ಬೆಳೆದು ಹೊರಗೆ ಬರುವವರೆಗೂ ಡೈ ಪೆನೆಟ್ರಂಟ್ (ಮೇಲಿನ ಬಿರುಕು ತೋರಿಸುವ ಬಣ್ಣ) ಹಾಕಿದರೂ ಕಾಣುವುದಿಲ್ಲ. ಇಂಥ ಕಡೆ ಟೋ ಉಜ್ಜಿ ಪ್ರಯೋಜನವಿಲ್ಲ. ಪ್ಲೇಟಿನ ಅಂಚನ್ನು ಓರೆ ಮಾಡಿ ಪೂರ್ತಿ ದಪ್ಪಕ್ಕೂ ವೆಲ್ಡ್ ಇಳಿಯುವಂತೆ ಮಾಡಿ, ಆಮೇಲೆ ಟೋದ ಲೆಕ್ಕಕ್ಕೆ ಬನ್ನಿ.