ಬಿಸಿಯಾಗುತ್ತಿರುವ ಕಡಲಿನಲ್ಲಿ ಮೀನುಗಾರಿಕೆಗೆ ಮಿತಿ ಹಾಕುವುದು ಹೇಗೆ?

ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದ ಸುಮಾರು ಶೇ 90ರಷ್ಟನ್ನು ಸಾಗರವೇ ನುಂಗಿಕೊಂಡಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಮೀನಿನ ದೇಹ ಕೇಳುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಅನೇಕ ಜಾತಿಯ ಮೀನುಗಳು ಧ್ರುವಗಳತ್ತ ಇಲ್ಲವೇ ಆಳಕ್ಕೆ ಸರಿಯುತ್ತವೆ.

ಆದ್ದರಿಂದ ಮೊದಲ ಕೆಲಸ, ಮೀನು ಕಡಿಮೆಯಾಗಿದೆಯೋ ಜಾಗ ಬದಲಿಸಿದೆಯೋ ಎಂದು ತಿಳಿಯುವುದು. ದಡಕ್ಕೆ ಬಂದ ಮೀನಿನ ತೂಕವೊಂದನ್ನೇ ನಂಬಬಾರದು. ಸಮೀಕ್ಷೆಯ ಹಡಗು ಹಳೆಯ ವಲಯದ ಆಚೆಗೂ ಬಲೆ ಬೀಸಬೇಕು, ಪ್ರತಿ ಸಲ ನೀರಿನ ತಾಪಮಾನ ಮತ್ತು ಆಳವನ್ನು ದಾಖಲಿಸಬೇಕು. ಮೀನಿನ ಕಿವಿಯೊಳಗೊಂದು ಪುಟ್ಟ ಕಲ್ಲಿರುತ್ತದೆ. ಅದನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕಾಂಡದಲ್ಲಿರುವಂತೆ ವರ್ಷದ ಉಂಗುರಗಳು ಕಾಣುತ್ತವೆ. ಎಣಿಸಿದರೆ ವಯಸ್ಸು; ಉಂಗುರಗಳ ಅಂತರ ನೋಡಿದರೆ ಯಾವ ವರ್ಷ ಬೆಳವಣಿಗೆ ಕುಂಠಿತವಾಯಿತು ಎಂಬುದೂ ಗೊತ್ತಾಗುತ್ತದೆ. ಎಳೆಯ ಮೀನುಗಳೇ ಸಿಗುತ್ತಿಲ್ಲವೆಂದರೆ ಮಿತಿಯನ್ನು ತಕ್ಷಣ ಇಳಿಸಬೇಕು.

ಎರಡನೆಯದು, ತಾಪಮಾನವನ್ನು ಮಿತಿಯ ಲೆಕ್ಕದೊಳಕ್ಕೆ ತರುವುದು. ಅಮೆರಿಕದ ಮೇನ್ ಕೊಲ್ಲಿಯಲ್ಲಿ ಕಾಡ್ ಮೀನಿನ ಮಿತಿಯನ್ನು ಮತ್ತೆ ಮತ್ತೆ ಕಡಿತಗೊಳಿಸಿದರೂ ಸಂತತಿ ಚೇತರಿಸಿಕೊಳ್ಳಲಿಲ್ಲ. 2004ರಿಂದ 2013ರವರೆಗೆ ಆ ಕೊಲ್ಲಿ ಜಗತ್ತಿನ ಬಹುಪಾಲು ಸಾಗರಕ್ಕಿಂತ ವೇಗವಾಗಿ ಬಿಸಿಯಾಗಿತ್ತು. ಲೆಕ್ಕದಲ್ಲಿ ಆ ಬಿಸಿಗೆ ಜಾಗವೇ ಇರಲಿಲ್ಲ. ಮಿತಿಗೆ ತಲೆಬಾಗಿದ ಮೀನುಗಾರರೂ ನಷ್ಟ ಅನುಭವಿಸಬೇಕಾಯಿತು ಎಂಬುದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಸಾರ್ಡೀನ್ ನಿಯಮ ಇದಕ್ಕಿಂತ ಮೇಲು. ಅಲ್ಲಿ ನೀರಿನ ಮೂರು ವರ್ಷಗಳ ಸರಾಸರಿ ತಾಪಮಾನಕ್ಕೆ ತಕ್ಕಂತೆ ಹಿಡಿಯಬಹುದಾದ ಪಾಲು ಬದಲಾಗುತ್ತದೆ. ಒಟ್ಟು ಮೀನಿನ ಅಂದಾಜು 1,50,000 ಟನ್‌ಗಿಂತ ಕೆಳಗಿಳಿದರೆ ಸಾರ್ಡೀನ್‌ಗೆಂದೇ ನಡೆಯುವ ದೊಡ್ಡ ಮೀನುಗಾರಿಕೆ ನಿಲ್ಲುತ್ತದೆ.

ಕಡಲಿನ ಬಿಸಿ ಅಲೆಗಳಿಗೆ, ಅಂದರೆ ನೀರು ದಿನಗಟ್ಟಲೆ ಅಸಾಧಾರಣವಾಗಿ ಬಿಸಿಯಾಗಿರುವ ಅವಧಿಗಳಿಗೆ, ಪ್ರತ್ಯೇಕ ಸಿದ್ಧತೆ ಬೇಕು. 2018–19ರ ಬಿಸಿಯ ನಂತರ ಅಲಾಸ್ಕಾ ಬಳಿಯ ಬೇರಿಂಗ್ ಸಮುದ್ರದ ಹಿಮ ಏಡಿಗಳು ನೂರಾರು ಕೋಟಿ ಸಂಖ್ಯೆಯಲ್ಲಿ ಕಣ್ಮರೆಯಾದವು. 2022ರಲ್ಲಿ ಅಲಾಸ್ಕಾ ಆ ಏಡಿಯ ಹಂಗಾಮನ್ನೇ ರದ್ದುಪಡಿಸಿತು. ಯಾವ ತಾಪಮಾನದಲ್ಲಿ ಎಷ್ಟು ಕಡಿತ, ಆಗ ಮೀನುಗಾರರಿಗೆ ಎಷ್ಟು ಪರಿಹಾರ ಎಂಬುದನ್ನು ಮುಂಚಿತವಾಗಿಯೇ ಬರೆದಿಡಬೇಕು.

ಕೊನೆಯದು ಗಡಿಯ ಪ್ರಶ್ನೆ, ಎಲ್ಲಕ್ಕಿಂತ ಕಠಿಣವಾದದ್ದು. ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್ ಮೀನು ಐಸ್‌ಲ್ಯಾಂಡ್‌ನ ನೀರಿಗೆ ಹರಡಿದಾಗ ದೇಶಗಳು ತಮಗೆ ತಾವೇ ಪಾಲು ಹಾಕಿಕೊಂಡವು. ಒಟ್ಟು ಮೊತ್ತ ವಿಜ್ಞಾನಿಗಳು ಹೇಳಿದ ಮಿತಿಯನ್ನು ಮೀರಿತು. ನೌರು ಒಪ್ಪಂದಕ್ಕೆ ಸೇರಿದ ಪೆಸಿಫಿಕ್‌ನ ದ್ವೀಪ ದೇಶಗಳು ಟ್ಯೂನಾಕ್ಕೆ ಬೇರೆ ದಾರಿ ಹಿಡಿದಿವೆ. ಅಲ್ಲಿ ಹಂಚಿಕೆಯಾಗುವುದು ಹಡಗುಗಳು ಮೀನು ಹಿಡಿಯಬಹುದಾದ ದಿನಗಳು. ಟ್ಯೂನಾ ಪಕ್ಕದ ದೇಶದ ನೀರಿಗೆ ಹೋದರೆ ಆ ದಿನಗಳನ್ನು ಪರಸ್ಪರ ಮಾರಿಕೊಳ್ಳಬಹುದು. ಮೀನು ಗಡಿ ದಾಟುವ ಮೊದಲೇ ಇಂಥ ಒಪ್ಪಂದ ಆಗಬೇಕು. ದಾಟಿದ ಮೇಲೆ ಪಾಲು ಬಿಟ್ಟುಕೊಡಲು ಯಾವ ದೇಶವೂ ಸುಲಭವಾಗಿ ಒಪ್ಪುವುದಿಲ್ಲ.