ಪ್ಯಾಕೇಜ್ ಕೈಬಿಟ್ಟರೂ /ಇಟಿಸಿಯಲ್ಲೇ ಉಳಿದ ಹಳೇ ಫೈಲ್: ನನ್ನ ಅನುಭವ

ನಮ್ಮ ಡೆಬಿಯನ್ ಲಿನಕ್ಸ್ ಸರ್ವರ್‌ಗಳಿಗೆ ನಾನೇ ಕಟ್ಟುವ ಬ್ಯಾಕಪ್ ಪ್ಯಾಕೇಜಿನ 2.0-1 ಆವೃತ್ತಿಯಲ್ಲಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ತೆಗೆದು, ಅದೇ ಕೆಲಸಕ್ಕೆ ಸಿಸ್ಟಂಡಿ ಟೈಮರ್ ಹಾಕಿದೆ. ಆಮೇಲೆ ದಿನಾ ರಾತ್ರಿ ಬ್ಯಾಕಪ್ ಎರಡೆರಡು ಸಲ ಓಡತೊಡಗಿತು. ಕ್ರಾನ್ ಓದುವ /ಇಟಿಸಿ/ಕ್ರಾನ್.ಡಿ ಡೈರೆಕ್ಟರಿಯೊಳಗೆ ಹಳೇ ಫೈಲ್ ಹಾಗೇ ಇತ್ತು. ಡಿಪಿಕೆಜಿ-ಕ್ವೆರಿಯಿಂದ ಕಾನ್‌ಫೈಲ್ (ಪ್ಯಾಕೇಜಿನ ಸೆಟ್ಟಿಂಗ್ ಫೈಲ್) ಪಟ್ಟಿ ತೆಗೆದಾಗ ಆ ಫೈಲಿನ ಸಾಲಿನ ಕೊನೆಯಲ್ಲಿ ‘ಆಬ್ಸಲೀಟ್’, ಅಂದರೆ ಈಗ ಬಳಕೆಯಲ್ಲಿಲ್ಲ, ಎಂದಿತ್ತು. ಅಡ್ಮಿನ್ ತಿದ್ದಿರಬಹುದೆಂದು ಡಿಪಿಕೆಜಿ (ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಇಂಥ ಫೈಲನ್ನು ತಾನಾಗಿ ಅಳಿಸುವುದಿಲ್ಲ.

ಮತ್ತೆ ಇನ್‌ಸ್ಟಾಲ್ ಮಾಡಿದರೂ ಹೋಗಲಿಲ್ಲ. ಇನ್‌ಸ್ಟಾಲ್ ಆದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿನಲ್ಲಿ ನೇರವಾಗಿ ಆರ್‌ಎಂ (ಅಳಿಸುವ ಕಮಾಂಡ್) ಹಾಕಿದರೆ ಫೈಲ್ ಹೋಗುತ್ತದೆ, ಜೊತೆಗೆ ಅಡ್ಮಿನ್ ಮಾಡಿದ ತಿದ್ದುಪಡಿಯೂ ಹೋಗುತ್ತದೆ. ಇದನ್ನು ದಯವಿಟ್ಟು ಮಾಡಬೇಡಿ.

ಸರಿಯಾದ ದಾರಿ ಪ್ಯಾಕೇಜ್ ಸೋರ್ಸಿನೊಳಗಿನ ಡೆಬಿಯನ್ ಡೈರೆಕ್ಟರಿಯ ‘ಪ್ಯಾಕೇಜ್‌ಹೆಸರು.ಮೇಂಟ್‌ಸ್ಕ್ರಿಪ್ಟ್’ ಫೈಲ್. ಅದರಲ್ಲಿ ಒಂದೇ ಸಾಲು: ಮೊದಲು ಆರ್‌ಎಂ_ಕಾನ್‌ಫೈಲ್, ನಂತರ ಫೈಲಿನ ಪೂರ್ತಿ ಪಾಥ್, ನಂತರ ಆವೃತ್ತಿ, ಕೊನೆಗೆ ಪ್ಯಾಕೇಜ್ ಹೆಸರು.

ನಾನು ಎಡವಿದ್ದು ಆವೃತ್ತಿಯಲ್ಲಿ. ಫೈಲನ್ನು ಕೈಬಿಟ್ಟಿದ್ದು 2.0-1ರಲ್ಲಿ ತಾನೇ ಎಂದು 2.0-2ರಲ್ಲಿ ‘2.0-1~’ ಬರೆದೆ. ಆಗಲೇ 2.0-1 ಇದ್ದ ಸರ್ವರ್‌ಗಳಲ್ಲಿ ಏನೂ ಆಗಲಿಲ್ಲ. ಅಪ್‌ಗ್ರೇಡ್‌ಗೆ ಮುಂಚೆ ಇದ್ದ ಆವೃತ್ತಿ ಇಲ್ಲಿ ಬರೆದದ್ದಕ್ಕೆ ಸಮ ಅಥವಾ ಅದಕ್ಕಿಂತ ಹಳೆಯದಾಗಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. ಕೊನೆಯಲ್ಲಿ ಟಿಲ್ಡೆ (~) ಇರುವುದರಿಂದ ‘2.0-1~’ ಎಂಬುದು 2.0-1ಕ್ಕಿಂತ ಹಿಂದಿನದು. ಹಾಗಾಗಿ ಫೈಲನ್ನು ಕೈಬಿಟ್ಟ ಆವೃತ್ತಿಯನ್ನಲ್ಲ, ಈ ಸಾಲನ್ನು ಸೇರಿಸುತ್ತಿರುವ ಆವೃತ್ತಿಯನ್ನೇ ಟಿಲ್ಡೆ ಸಮೇತ ಬರೆಯಬೇಕು. 2.0-3ರಲ್ಲಿ ‘2.0-3~’ ಎಂದು ಬರೆದೆ, ಎಲ್ಲ ಸರ್ವರ್‌ಗಳಲ್ಲೂ ಫೈಲ್ ಹೋಯಿತು. ಕೈಯಾರೆ ತಿದ್ದಿದ್ದ ಕಡೆ ಮಾತ್ರ ಅದು ‘.ಡಿಪಿಕೆಜಿ-ಬ್ಯಾಕ್’ ಎಂಬ ಬಾಲದೊಂದಿಗೆ ಉಳಿದಿದೆ. ಆ ಹೆಸರಿನದನ್ನು ಕ್ರಾನ್ ಓದುವುದಿಲ್ಲ.

ಪೋಸ್ಟ್‌ಇನ್‌ಸ್ಟ್, ಪ್ರಿಇನ್‌ಸ್ಟ್ (ಇನ್‌ಸ್ಟಾಲ್‌ಗೆ ಮುಂಚೆ ಓಡುವ ಸ್ಕ್ರಿಪ್ಟ್)‌ಗಳನ್ನು ನೀವೇ ಬರೆದಿದ್ದರೆ ಅವುಗಳಲ್ಲಿ #ಡೆಬ್‌ಹೆಲ್ಪರ್# ಸಾಲು ಇರಲೇಬೇಕು; ಮೇಂಟ್‌ಸ್ಕ್ರಿಪ್ಟ್ ಸಾಲಿನಿಂದ ಹುಟ್ಟುವ ಕೋಡ್ ಸೇರಿಕೊಳ್ಳುವುದು ಅಲ್ಲೇ.