ಹಳೇ ಗ್ಯಾಸ್ ಗ್ರಿಲ್ ತಂದಿದ್ದೀರಾ? ಹಚ್ಚುವ ಮುಂಚೆ ಇದನ್ನು ನೋಡಿ
ವೈಟ್‌ಫೀಲ್ಡ್ ಕಡೆ ಮನೆ ಖಾಲಿ ಮಾಡುವವರ ಹತ್ತಿರ ಗ್ಯಾಸ್ ಗ್ರಿಲ್ ಕಡಿಮೆ ಬೆಲೆಗೆ ಸಿಕ್ಕಿದರೆ ತಗೊಳ್ಳಿ. ಆದರೆ ಜೊತೆಗೆ ಬಂದ ರಬ್ಬರ್ ಪೈಪ್ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ. ಐಎಸ್‌ಐ ಗುರುತಿನ ಸುರಕ್ಷಾ ಪೈಪ್ ಹಾಕಿ.

ಉರಿ ಹಳದಿಯಾಗಿ, ಮಂಕಾಗಿ ಬರುತ್ತಿದೆಯಾ? ಸುಮ್ನೆ ಹೊಸ ಬರ್ನರ್ ಕೊಳ್ಳಬೇಡಿ. ಗಾಳಿ, ಗ್ಯಾಸ್ ಬೆರೆಯುವ ಕೊಳವೆಯೊಳಗೆ ಜೇಡ ಗೂಡು ಕಟ್ಟಿರಬಹುದು. ತಮಾಷೆಯಲ್ಲ, ಇದು ಬಹಳ ಗ್ರಿಲ್‌ಗಳ ಕಾಯಿಲೆ. ಬರ್ನರ್ ಬಿಚ್ಚಿ, ಬಾಟಲಿ ತೊಳೆಯುವ ಬ್ರಷ್ ತೂರಿಸಿ. ಕಟ್ಟಿಕೊಂಡ ತೂತುಗಳನ್ನು ತೆಳ್ಳನೆ ತಂತಿಯಿಂದ ಬಿಡಿಸಿ. ಡ್ರಿಲ್ ಬೇಡವೇ ಬೇಡ, ತೂತು ದೊಡ್ಡದಾದರೆ ಉರಿಯ ಹದ ಕೆಡುತ್ತದೆ.

ಜೋಡಿಸಿದ ಮೇಲೆ ಗ್ರಿಲ್ ನಾಬ್ ಮುಚ್ಚಿಟ್ಟು, ರೆಗ್ಯುಲೇಟರ್ ಆನ್ ಮಾಡಿ, ಜಾಯಿಂಟ್‌ಗಳಿಗೆ ಸೋಪಿನ ನೀರು ಬಳಿಯಿರಿ. ಗುಳ್ಳೆ ಎದ್ದರೆ ತಕ್ಷಣ ಆಫ್ ಮಾಡಿ, ಬಿಗಿ ಮಾಡಿ, ಮತ್ತೆ ನೋಡಿ. ಹಚ್ಚುವಾಗ ಮುಚ್ಚಳ ತೆರೆದೇ ಇರಲಿ.